ಗಾಳ ಹಿಡಿದ ಕೈ, ಹೊಳೆ ಕಾಯುವ ಕಣ್ಣು

ಮಳೆಗಾಲ ಮುಗಿದು ತೋಡಿನ ನೀರು ತಿಳಿಯಾಗುತ್ತ ಬಂದಾಗ ನಮ್ಮ ಊರಿನ ಮಕ್ಕಳ ಕೈಗಳು ಸುಮ್ಮನಿರುವುದಿಲ್ಲ. ಬಿದಿರಿನ ಒಂದು ಸಪೂರ ಕೋಲು, ಒಂದಷ್ಟು ನೂಲು, ಅಂಗಡಿಯಿಂದ ತಂದ ಗಾಳ, ತೆಂಗಿನ ಬುಡದ ಹಸಿಮಣ್ಣು ಅಗೆದು ತೆಗೆದ ಎರೆಹುಳು – ಇಷ್ಟಿದ್ದರೆ ಸಾಕು. ರಜಾದಿನದ ಬೆಳಗ್ಗೆ ತೋಡಿನ ಬದಿಯ ಕಲ್ಲಿನ ಮೇಲೆ ಕುಳಿತರೆ ಮಧ್ಯಾಹ್ನದ ಊಟಕ್ಕೆ ಅಮ್ಮ ಕೂಗುವವರೆಗೆ ಏಳುವ ಮಾತೇ ಇಲ್ಲ.

ನೀವೂ ಹೀಗೆ ಕುಳಿತಿರಬಹುದು. ಮೀನು ಸಿಕ್ಕಿತೋ ಇಲ್ಲವೋ, ಅದು ಬೇರೆ ಮಾತು. ಆ ಎರಡು ಮೂರು ಗಂಟೆಗಳಲ್ಲಿ ನೀವು ಏನೇನು ನೋಡಿದಿರಿ ಎಂಬುದನ್ನು ನೆನಪಿಸಿಕೊಳ್ಳಿ. ನೀರು ನಿನ್ನೆಗಿಂತ ಒಂದು ಗೇಣು ಇಳಿದಿದೆ. ಕಲ್ಲಿನ ಅಡಿಯಿಂದ ಏಡಿಯೊಂದು ಇಣುಕುತ್ತಿದೆ. ಮೇಲಿನ ಮನೆಯವರು ಬಟ್ಟೆ ಒಗೆಯಲು ಶುರುಮಾಡಿದ ಮೇಲೆ ಬಿಳಿ ನೊರೆ ತೇಲಿ ಬರುತ್ತಿದೆ. ಮೊದಲು ಆ ಗುಂಡಿಯಲ್ಲಿ ಹಿಂಡು ಹಿಂಡಾಗಿ ಕಾಣುತ್ತಿದ್ದ ಮರಿಮೀನುಗಳು ಈ ವರ್ಷ ಕಾಣುತ್ತಿಲ್ಲ. ದಾರಿಯಲ್ಲಿ ಬಸ್ಸಿನಿಂದ ಹೊಳೆಯನ್ನು ನೋಡಿ ಹೋಗುವವರಿಗೆ ಇದು ಯಾವುದೂ ತಿಳಿಯದು. ಗಾಳ ಹಾಕಿ ಕುಳಿತವರಿಗೆ ತಿಳಿಯುತ್ತದೆ.

ಮೀನು ಹಿಡಿಯುವವರಲ್ಲಿ ಎರಡು ಬಗೆ. ಬಲೆ ಬೀಸಿ, ದೋಣಿ ನಡೆಸಿ ಅದರಿಂದಲೇ ಸಂಸಾರ ಸಾಗಿಸುವ ಮೀನುಗಾರರು ಒಂದು ಬಗೆ. ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ಗಾಳ ಹಾಕುವ ಹವ್ಯಾಸಿಗಳು ಇನ್ನೊಂದು ಬಗೆ. ಮೀನು ಹಿಡಿಯುವವರು ಮೀನನ್ನು, ಮೀನಿರುವ ನೀರನ್ನು ಕಾಯುವವರಾಗಬಲ್ಲರೇ? ಕೇಳಲು ವಿಚಿತ್ರವೆನಿಸುತ್ತದೆ. ಆದರೆ ಹಾಗೆ ಆದವರು ಇದ್ದಾರೆ. ಅಂಥವರ ಕೆಲಸವನ್ನು ಈ ಪಾಠದಲ್ಲಿ ತಿಳಿಯೋಣ.

ನೀರು ಕೆಟ್ಟರೆ ಮೀನು ಏಕೆ ಸಾಯುತ್ತದೆ?

ನಾವು ಗಾಳಿಯಿಂದ ಆಮ್ಲಜನಕವನ್ನು ಪಡೆಯುವಂತೆ ಮೀನುಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕಿವಿರುಗಳ ಮೂಲಕ ಪಡೆಯುತ್ತವೆ. ಒಂದು ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಕರಗಿದ್ದರೆ ಹೆಚ್ಚಿನ ಮೀನುಗಳು ಆರಾಮವಾಗಿ ಬದುಕುತ್ತವೆ. ಅದು 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಅವು ಉಸಿರಿಗಾಗಿ ಒದ್ದಾಡುತ್ತವೆ.

ಚರಂಡಿಯ ಕೊಳೆ, ಕಸಾಯಿಖಾನೆಯ ತ್ಯಾಜ್ಯ, ಕೊಳೆಯಲು ಹಾಕಿದ ತೆಂಗಿನ ಸಿಪ್ಪೆ – ಇಂತಹವು ನೀರಿಗೆ ಸೇರಿದಾಗ ಅವುಗಳನ್ನು ಕರಗಿಸಲು ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಬೆಳೆಯುತ್ತವೆ. ನೀರಿನಲ್ಲಿರುವ ಆಮ್ಲಜನಕವನ್ನು ಅವೇ ಮುಗಿಸಿಬಿಡುತ್ತವೆ. ರಾತ್ರಿ ಹೊತ್ತು ನೀರಿನ ಸಸ್ಯಗಳು ಆಮ್ಲಜನಕವನ್ನು ತಯಾರಿಸುವುದಿಲ್ಲ, ಬದಲಾಗಿ ಉಪಯೋಗಿಸುತ್ತವೆ. ಆದುದರಿಂದ ಕೆಟ್ಟ ಹೊಳೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುವುದನ್ನು ಕಾಣಬಹುದು. ಈ ದೃಶ್ಯವನ್ನು ಮೊದಲು ನೋಡುವವರು ಯಾರು? ಬೆಳಗಿನ ಜಾವವೇ ಹೊಳೆಗೆ ಹೋಗುವವರು.

ಇನ್ನು ಕೆಲವು ವಿಷಗಳು ನೇರವಾಗಿಯೇ ಕೊಲ್ಲುತ್ತವೆ. ಕೀಟನಾಶಕಗಳು ಅಂಥವು. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಅದರಿಂದ ಮನುಷ್ಯರು ಪಟ್ಟ ಪಾಡನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎಂಡೋಸಲ್ಫಾನ್ ಮೀನುಗಳಿಗೆ ಅತಿ ಸ್ವಲ್ಪ ಪ್ರಮಾಣದಲ್ಲೂ ಮಾರಕವಾದ ವಿಷ.

2024ರ ಮೇ ತಿಂಗಳಲ್ಲಿ ಎರ್ನಾಕುಲಂ ಜಿಲ್ಲೆಯಲ್ಲಿ ಪೆರಿಯಾರ್ ನದಿಯ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಗೂಡುಗಳಲ್ಲಿ ಮೀನು ಸಾಕಿದ್ದವರ ದುಡಿಮೆಯೆಲ್ಲ ಒಂದೇ ರಾತ್ರಿಯಲ್ಲಿ ಹಾಳಾಯಿತು. ಕಾರಣ ಏನೆಂಬ ಬಗ್ಗೆ ಬಹಳ ವಾದ ನಡೆಯಿತು. ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯಾದದ್ದು ಕಾರಣವೆಂದು ಕೆಲವರು, ಕೈಗಾರಿಕೆಗಳ ರಾಸಾಯನಿಕಗಳು ಕಾರಣವೆಂದು ಇನ್ನು ಕೆಲವರು ಹೇಳಿದರು. ಮೀನು ಸತ್ತ ಮೇಲೆ ಕಾರಣ ಹುಡುಕುವುದು ಕಷ್ಟ. ನೀರು ಹರಿದುಹೋಗಿರುತ್ತದೆ, ಸಾಕ್ಷಿಯೂ ಅದರೊಂದಿಗೆ ಹೋಗಿರುತ್ತದೆ. ದಿನವೂ ನೋಡುವ ಕಣ್ಣುಗಳು ಬೇಕಾಗುವುದು ಇದಕ್ಕಾಗಿಯೇ.

ಹಡ್ಸನ್ ನದಿಯ ದಡದಲ್ಲಿ ಒಂದು ಸಭೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ಎಂಬ ನದಿ ಇದೆ. ಅದರ ಉದ್ದ ಸುಮಾರು 500 ಕಿಲೋಮೀಟರ್. ಬೆಟ್ಟಗಳಲ್ಲಿ ಹುಟ್ಟಿ ನ್ಯೂಯಾರ್ಕ್ ನಗರದ ಬಳಿ ಅದು ಕಡಲನ್ನು ಸೇರುತ್ತದೆ. ನಮ್ಮ ಚಂದ್ರಗಿರಿ ಹೊಳೆಯಲ್ಲಿ ಉಬ್ಬರದ ಸಮಯದಲ್ಲಿ ಉಪ್ಪುನೀರು ಮೇಲಕ್ಕೆ ಏರಿಬರುತ್ತದಲ್ಲವೇ? ಹಾಗೆಯೇ ಹಡ್ಸನ್ ನದಿಯಲ್ಲಿಯೂ ಉಬ್ಬರ ಇಳಿತಗಳು ಬಹಳ ದೂರದವರೆಗೆ ಕಾಣುತ್ತವೆ. ಪಟ್ಟೆ ಬಾಸ್ ಎಂಬ ದೊಡ್ಡ ಮೀನು ಮತ್ತು ನಮ್ಮ ದೇಶದ ಹಿಲ್ಸಾ ಬಳಗಕ್ಕೆ ಸೇರಿದ ಶ್ಯಾಡ್ ಎಂಬ ಮೀನು ಮೊಟ್ಟೆಯಿಡಲು ವಸಂತಕಾಲದಲ್ಲಿ ಕಡಲಿನಿಂದ ಈ ನದಿಗೆ ಬರುತ್ತವೆ.

1960ರ ದಶಕದಲ್ಲಿ ಈ ನದಿ ಬಹಳ ಕೆಟ್ಟುಹೋಗಿತ್ತು. ಕ್ರೋಟನ್ ಎಂಬಲ್ಲಿ ರೈಲ್ವೆ ಯಾರ್ಡಿನ ಒಂದು ಕೊಳವೆಯಿಂದ ಎಣ್ಣೆ ಹರಿದು ನದಿಗೆ ಸೇರುತ್ತಿತ್ತು. ಅಲ್ಲಿ ಹಿಡಿದ ಶ್ಯಾಡ್ ಮೀನಿಗೆ ಎಣ್ಣೆಯ ವಾಸನೆ. ಮಾರುಕಟ್ಟೆಯಲ್ಲಿ ಅದನ್ನು ಕೊಳ್ಳುವವರೇ ಇಲ್ಲ. ಇಂಡಿಯನ್ ಪಾಯಿಂಟ್ ಎಂಬಲ್ಲಿದ್ದ ಅಣುವಿದ್ಯುತ್ ಸ್ಥಾವರ ಯಂತ್ರಗಳನ್ನು ತಣಿಸಲು ನದಿಯ ನೀರನ್ನು ಎಳೆದುಕೊಳ್ಳುವಾಗ ಲೆಕ್ಕವಿಲ್ಲದಷ್ಟು ಮೀನುಗಳು ಸಾಯುತ್ತಿದ್ದವು.

1966ರಲ್ಲಿ ಒಂದು ಸಂಜೆ ಕ್ರೋಟನ್‌ವಿಲ್ ಎಂಬ ಹಳ್ಳಿಯ ಸಭಾಂಗಣದಲ್ಲಿ ಜನರು ಸೇರಿದರು. ಅವರಲ್ಲಿ ಮೀನು ಮಾರಿ ಬದುಕುವವರೂ ಇದ್ದರು, ಭಾನುವಾರಗಳಲ್ಲಿ ಗಾಳ ಹಾಕುವವರೂ ಇದ್ದರು. ಬಡಗಿಗಳು, ಕಾರ್ಖಾನೆಯ ಕೆಲಸಗಾರರು, ಸೈನ್ಯದಲ್ಲಿದ್ದು ಬಂದವರು – ಎಲ್ಲರೂ ಸಾಮಾನ್ಯ ಜನರು. ಅವರ ದೂರುಗಳನ್ನು ಯಾವ ಅಧಿಕಾರಿಯೂ ಕೇಳಿರಲಿಲ್ಲ. ಸಭೆಯಲ್ಲಿ ಸಿಟ್ಟು ಕುದಿಯುತ್ತಿತ್ತು. ಎಣ್ಣೆಗೆ ಬೆಂಕಿ ಕೊಡೋಣ ಎಂದರು ಕೆಲವರು. ಕೊಳವೆಯ ಬಾಯಿಗೆ ಹಾಸಿಗೆ ತುರುಕಿ ಮುಚ್ಚೋಣ ಎಂದರು ಇನ್ನು ಕೆಲವರು. ಸಿಡಿಮದ್ದಿನ ಮಾತೂ ಬಂತು.

ಆಗ ಎದ್ದು ನಿಂತವರು ರಾಬರ್ಟ್ ಬಾಯ್ಲ್. ಅವರು ಒಂದು ಕ್ರೀಡಾಪತ್ರಿಕೆಯ ಲೇಖಕರು. ಗಾಳ ಹಾಕುವುದೆಂದರೆ ಅವರಿಗೆ ಪಂಚಪ್ರಾಣ. ಹಡ್ಸನ್ ನದಿಯ ಬಗ್ಗೆ ಬರೆಯುವಾಗ ಅವರಿಗೆ ಎರಡು ಹಳೆಯ ಕಾನೂನುಗಳು ಕಣ್ಣಿಗೆ ಬಿದ್ದಿದ್ದವು. ಒಂದು 1888ರದ್ದು, ಇನ್ನೊಂದು 1899ರದ್ದು. ಅನುಮತಿಯಿಲ್ಲದೆ ಹಡಗು ಓಡಾಡುವ ನೀರಿಗೆ ಕಸ ಸುರಿಯುವುದು ಅಪರಾಧವೆಂದು ಆ ಕಾನೂನುಗಳು ಹೇಳುತ್ತಿದ್ದವು. ಅಷ್ಟೇ ಅಲ್ಲ, ಅಂತಹ ಅಪರಾಧವನ್ನು ತೋರಿಸಿಕೊಟ್ಟವರಿಗೆ ದಂಡದ ಹಣದಲ್ಲಿ ಪಾಲು ಸಿಗಬೇಕೆಂಬ ಮಾತೂ ಇತ್ತು. ಕಾನೂನು ಪುಸ್ತಕದಲ್ಲಿತ್ತು, ಅದನ್ನು ಉಪಯೋಗಿಸುವವರು ಇರಲಿಲ್ಲ. ಕಾನೂನನ್ನು ನಾವು ಮುರಿಯುವುದು ಬೇಡ, ಮುರಿದವರನ್ನು ಹಿಡಿದುಕೊಡೋಣ ಎಂಬುದು ಬಾಯ್ಲ್ ಅವರ ಸಲಹೆಯಾಗಿತ್ತು.

ಅಂದು ಹುಟ್ಟಿದ್ದು ಹಡ್ಸನ್ ನದಿ ಮೀನುಗಾರರ ಸಂಘ. ಅದರ ಮೊದಲ ಅಧ್ಯಕ್ಷರಾದ ರಿಚಿ ಗ್ಯಾರೆಟ್ ವೃತ್ತಿಯಲ್ಲಿ ಸ್ಮಶಾನದಲ್ಲಿ ಗುಂಡಿ ತೋಡುವವರು. ಸಂಘವು ಸದಸ್ಯರಿಗೂ ಊರವರಿಗೂ ವಿಳಾಸ ಅಚ್ಚಾದ ಅಂಚೆಕಾರ್ಡುಗಳನ್ನು ಹಂಚಿತು. ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಯಾರು ಕೊಳೆ ಬಿಟ್ಟರು ಎಂಬುದನ್ನು ಅದರಲ್ಲಿ ಬರೆದು ಕಳುಹಿಸಿದರೆ ಸಾಕು. ಗಾಳ ಹಾಕಲು ಹೋದವರು ಬುಟ್ಟಿಯಲ್ಲಿ ಮೀನಿನ ಜೊತೆಗೆ ಸಾಕ್ಷ್ಯವನ್ನೂ ತರತೊಡಗಿದರು.

ಸ್ವಲ್ಪ ಕಾಲದಲ್ಲಿಯೇ ರೈಲ್ವೆ ಕಂಪನಿಯ ಆ ಕೊಳವೆ ಮುಚ್ಚಿತು. ದಂಡದಲ್ಲಿ 2,000 ಡಾಲರು ಸಂಘಕ್ಕೆ ಬಂತು. ಅನಂತರ ತಾಮ್ರದ ತಂತಿ ತಯಾರಿಸುವ ಒಂದು ಕಾರ್ಖಾನೆಯ ಸರದಿ. ಅಲ್ಲಿ ದುಡಿಯುತ್ತಿದ್ದ ಫ್ರೆಡ್ ಡ್ಯಾನ್‌ಬ್ಯಾಕ್ ಎಂಬವರೇ ಕಾರ್ಖಾನೆ ನದಿಗೆ ಬಿಡುತ್ತಿದ್ದ ಎಣ್ಣೆ ಮತ್ತು ಲೋಹಗಳ ಬಗ್ಗೆ ಮಾಹಿತಿ ಕೊಟ್ಟರು. ಸ್ವಂತ ಅನ್ನದಾತನ ತಪ್ಪನ್ನು ಹೇಳುವುದು ಸುಲಭದ ಕೆಲಸವಲ್ಲ. 1983ರಲ್ಲಿ ಸಂಘವು ಜಾನ್ ಕ್ರೋನಿನ್ ಎಂಬವರನ್ನು ನದಿಯ ಕಾವಲುಗಾರರನ್ನಾಗಿ ನೇಮಿಸಿ ಒಂದು ದೋಣಿ ಕೊಟ್ಟಿತು. ಅದೇ ವರ್ಷ ಅವರು, ಎಣ್ಣೆ ಸಾಗಿಸುವ ದೊಡ್ಡ ಹಡಗುಗಳು ಟ್ಯಾಂಕಿಯನ್ನು ತೊಳೆದ ನೀರನ್ನು ಹಡ್ಸನ್‌ಗೆ ಚೆಲ್ಲಿ, ನದಿಯ ಸಿಹಿನೀರನ್ನು ತುಂಬಿಕೊಂಡು ಹೋಗುತ್ತಿರುವುದನ್ನು ಪತ್ತೆಹಚ್ಚಿದರು. ಹಡಗಿನ ಕಂಪನಿ ಪರಿಹಾರ ಕೊಡಬೇಕಾಯಿತು. ಈ ಮಾದರಿಯನ್ನು ನೋಡಿ ಬೇರೆ ಬೇರೆ ನದಿಗಳಿಗೂ ಕಾವಲುಗಾರರು ಬಂದರು. 1999ರಲ್ಲಿ ಅವರೆಲ್ಲರ ಒಂದು ಒಕ್ಕೂಟವೇ ಸ್ಥಾಪನೆಯಾಯಿತು.

ಗೆದ್ದವರು ಕಳೆದುಕೊಂಡದ್ದು

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಡ್ಸನ್ ನದಿಯ ಮೇಲ್ಭಾಗದಲ್ಲಿ ವಿದ್ಯುತ್ ಉಪಕರಣ ತಯಾರಿಸುವ ಎರಡು ಕಾರ್ಖಾನೆಗಳಿದ್ದವು. 1947ರಿಂದ 1977ರವರೆಗೆ ಅವುಗಳಿಂದ ಪಿಸಿಬಿ ಎಂಬ ರಾಸಾಯನಿಕ ನದಿಗೆ ಸೇರಿತು. ಪಿಸಿಬಿಗೆ ಬಣ್ಣವಿಲ್ಲ, ನೊರೆಯಿಲ್ಲ. ದಡದಲ್ಲಿ ಕುಳಿತು ನೋಡಿದವರಿಗೆ ಅದು ಕಾಣುವುದಿಲ್ಲ. ಅದು ಕೆಸರಿನಲ್ಲಿ ಕುಳಿತು, ಹುಳುಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸಾಗಿ ಅವುಗಳ ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ. 1970ರಲ್ಲಿ ಬಾಯ್ಲ್ ಅವರು ಮೀನುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸಿದಾಗ ಹಡ್ಸನ್‌ನ ಪಟ್ಟೆ ಬಾಸ್ ಮೀನಿನಲ್ಲಿ ಈ ವಿಷ ಇರುವುದು ತಿಳಿಯಿತು.

1976ರಲ್ಲಿ ಸರಕಾರವು ಹಡ್ಸನ್‌ನಲ್ಲಿ ಪಟ್ಟೆ ಬಾಸ್ ಹಿಡಿದು ಮಾರುವುದನ್ನು ನಿಲ್ಲಿಸಿತು. ಯೋಚಿಸಿ ನೋಡಿ: ನದಿಯನ್ನು ಉಳಿಸಲು ಹೋರಾಡಿದ ಮೀನುಗಾರರೇ ಆ ನದಿಯ ಕಸುಬನ್ನು ಕಳೆದುಕೊಂಡರು. ವಿಷದ ಸುದ್ದಿಯನ್ನು ಮುಚ್ಚಿಟ್ಟಿದ್ದರೆ ಇನ್ನೂ ಕೆಲವು ವರ್ಷ ಮೀನು ಮಾರಬಹುದಾಗಿತ್ತು. ತಿಂದವರ ಆರೋಗ್ಯ ಕೆಡುತ್ತಿತ್ತು. ಮೀನನ್ನು ಪರೀಕ್ಷೆಗೆ ಕಳುಹಿಸಿದವರು ಗಾಳ ಹಾಕುವವರಲ್ಲಿ ಒಬ್ಬರೇ ಎಂಬುದನ್ನು ಮರೆಯಬಾರದು.

ಆ ಕೆಸರನ್ನು ಅಗೆದು ತೆಗೆಯುವ ಕೆಲಸ ನಡೆದದ್ದು 2009ರಿಂದ 2015ರವರೆಗೆ. ಇಂದು ಹಡ್ಸನ್‌ನಲ್ಲಿ ಜನರು ಈಜುತ್ತಾರೆ, ಗಾಳ ಹಾಕುತ್ತಾರೆ. ಆದರೆ ಮಕ್ಕಳು ಮತ್ತು ಗರ್ಭಿಣಿಯರು ಅಲ್ಲಿನ ಮೀನು ತಿನ್ನಬಾರದೆಂಬ ಎಚ್ಚರಿಕೆ ಇನ್ನೂ ಇದೆ. ನೀರನ್ನು ಕೆಡಿಸುವುದಕ್ಕೆ ಮೂವತ್ತು ವರ್ಷ ಸಾಕಾಯಿತು. ಸರಿಪಡಿಸುವುದಕ್ಕೆ ಅದಕ್ಕಿಂತ ಹೆಚ್ಚು ಕಾಲವಾದರೂ ಸಾಲಲಿಲ್ಲ.

ನ್ಯಾಯಾಲಯಕ್ಕೆ ಹೋದ ಗಾಳಗಾರರು

ಇಂಗ್ಲೆಂಡಿನ ಗಾಳಗಾರರು ಬೇರೊಂದು ದಾರಿ ಹಿಡಿದರು. ಆ ದೇಶದಲ್ಲಿ ಹೊಳೆಯ ಒಂದು ಭಾಗದಲ್ಲಿ ಮೀನು ಹಿಡಿಯುವ ಹಕ್ಕನ್ನು ಜಮೀನಿನಂತೆಯೇ ಕೊಳ್ಳಬಹುದು, ಗೇಣಿಗೆ ಪಡೆಯಬಹುದು. ಸಾವಿರಾರು ಗಾಳಗಾರರ ಕ್ಲಬ್ಬುಗಳಿಗೆ ಇಂತಹ ಹಕ್ಕು ಇದೆ. ನನ್ನ ಗದ್ದೆಗೆ ಯಾರಾದರೂ ಕೊಳೆನೀರು ಬಿಟ್ಟರೆ ನಾನು ನ್ಯಾಯಾಲಯಕ್ಕೆ ಹೋಗಬಹುದಲ್ಲವೇ? ಹಾಗಾದರೆ ನಮ್ಮ ಹೊಳೆಗೆ ಬಿಟ್ಟಾಗ ಏಕೆ ಹೋಗಬಾರದು ಎಂದು ಯೋಚಿಸಿದವರು ಜಾನ್ ಈಸ್ಟ್‌ವುಡ್ ಎಂಬ ವಕೀಲರು. 1948ರಲ್ಲಿ ಅವರು ಗಾಳಗಾರರ ಸಹಕಾರ ಸಂಘವನ್ನು ಸ್ಥಾಪಿಸಿದರು. ಒಬ್ಬೊಬ್ಬರೇ ಮೊಕದ್ದಮೆ ಹೂಡಿದರೆ ಖರ್ಚು ತಡೆಯಲಾಗದು. ಎಲ್ಲರೂ ಸ್ವಲ್ಪ ಸ್ವಲ್ಪ ಚಂದಾ ಕೂಡಿಸಿದರೆ ಯಾವ ಕಂಪನಿಯನ್ನೂ ಎದುರಿಸಬಹುದು. ಇದು ಅವರ ಲೆಕ್ಕಾಚಾರ.

ಡರ್ಬಿ ನಗರದ ಒಂದು ಗಾಳಗಾರರ ಕ್ಲಬ್ಬು ಹೂಡಿದ ಮೊಕದ್ದಮೆ ಬಹಳ ಪ್ರಸಿದ್ಧ. ಎದುರಾಳಿಗಳು ಸಾಮಾನ್ಯರಲ್ಲ. ಕೃತಕ ನೂಲಿನ ದೊಡ್ಡ ಕಾರ್ಖಾನೆ ರಾಸಾಯನಿಕ ಬಿಡುತ್ತಿತ್ತು. ನಗರಸಭೆ ಚರಂಡಿಯ ಕೊಳೆ ಬಿಡುತ್ತಿತ್ತು. ವಿದ್ಯುತ್ ಮಂಡಳಿ ಬಿಸಿನೀರು ಬಿಡುತ್ತಿತ್ತು. ಡರ್ವೆಂಟ್ ಮತ್ತು ಟ್ರೆಂಟ್ ಎಂಬ ನದಿಗಳಲ್ಲಿ ಮೀನು ಉಳಿದಿರಲಿಲ್ಲ. ಊರಿಗೆ ಉಪಕಾರ ಮಾಡುವ ಸಂಸ್ಥೆಗಳೆಂಬ ಕಾರಣಕ್ಕೆ ಅವರಿಗೆ ರಿಯಾಯಿತಿ ಸಿಗಲಿಲ್ಲ. ಮಾಲಿನ್ಯವನ್ನು ನಿಲ್ಲಿಸಬೇಕೆಂಬ ಆದೇಶವನ್ನು ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಗಾಳಗಾರರು ಗೆದ್ದರು.

ಹುಳು ಎಣಿಸಿ ಹೊಳೆಯ ಆರೋಗ್ಯ ತಿಳಿಯುವುದು

ಮೊಕದ್ದಮೆಗೆ ಸಾಕ್ಷ್ಯ ಬೇಕು. ಸಾಕ್ಷ್ಯ ಬೇಕಾದರೆ ಹೊಳೆ ಮೊದಲು ಹೇಗಿತ್ತು ಎಂಬ ದಾಖಲೆ ಬೇಕು. ಅದಕ್ಕಾಗಿ ಬ್ರಿಟನ್ನಿನಲ್ಲಿ 2007ರಲ್ಲಿ ಗಾಳಗಾರರಿಗೆಂದೇ ಒಂದು ಯೋಜನೆ ಆರಂಭವಾಯಿತು. ಅದರ ವಿಧಾನ ಬಹಳ ಸರಳ. ನಿಮ್ಮ ವಿಜ್ಞಾನ ಪಾಠಕ್ಕೂ ಇದು ಉಪಯೋಗವಾದೀತು.

ಹೊಳೆಯ ತಳದ ಕಲ್ಲುಗಳ ಅಡಿಯಲ್ಲಿ ಅನೇಕ ಕೀಟಗಳ ಮರಿಹುಳುಗಳೂ ಇತರ ಸಣ್ಣ ಜೀವಿಗಳೂ ಬದುಕುತ್ತವೆ. ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಳೆಗಳಿರುವ ಮೇಫ್ಲೈ ಮರಿಗಳು, ಎರಡು ಎಳೆಗಳಿರುವ ಸ್ಟೋನ್‌ಫ್ಲೈ ಮರಿಗಳು, ಮರಳಿನ ಕಾಳು ಮತ್ತು ಕಡ್ಡಿಚೂರುಗಳಿಂದ ಮೈಸುತ್ತ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಹುಳುಗಳು, ಸಣ್ಣ ಸಿಹಿನೀರು ಸಿಗಡಿಗಳು ಅವುಗಳಲ್ಲಿ ಮುಖ್ಯವಾದವು. ಮೀನಿಗೆ ಇವು ಆಹಾರ. ಇವುಗಳಿಗೆ ಶುದ್ಧ ನೀರು ಬೇಕು. ಕೊಳೆ ಬಂದಾಗ ಮೀನು ಈಜಿ ಬೇರೆಡೆಗೆ ಹೋಗಬಹುದು. ಹುಳುಗಳು ಹಾಗೆ ಹೋಗಲಾರವು. ಆದುದರಿಂದ ನಿನ್ನೆ ರಾತ್ರಿ ಹರಿದುಹೋದ ವಿಷದ ಗುರುತು ಇಂದು ಅವುಗಳ ಲೆಕ್ಕದಲ್ಲಿ ಕಾಣುತ್ತದೆ.

ತರಬೇತಿ ಪಡೆದ ಗಾಳಗಾರರು ಪ್ರತಿ ತಿಂಗಳೂ ಒಂದು ನಿಗದಿಯಾದ ಜಾಗಕ್ಕೆ ಹೋಗುತ್ತಾರೆ. ಮೂರು ನಿಮಿಷ ಕಾಲಿನಿಂದ ತಳದ ಕಲ್ಲುಗಳನ್ನು ಕದಡಿ, ಕೆಳಗೆ ಹಿಡಿದ ಬಲೆಚೀಲದಲ್ಲಿ ಬಂದ ಜೀವಿಗಳನ್ನು ಒಂದು ಬಿಳಿ ತಟ್ಟೆಗೆ ಸುರಿಯುತ್ತಾರೆ. ಎಂಟು ಗುಂಪುಗಳ ಜೀವಿಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಒಂದು ಗುಂಪಿನಲ್ಲಿ 1ರಿಂದ 9 ಇದ್ದರೆ 1 ಅಂಕ, 10ರಿಂದ 99 ಇದ್ದರೆ 2 ಅಂಕ, 100ರಿಂದ 999 ಇದ್ದರೆ 3 ಅಂಕ, ಅದಕ್ಕೂ ಹೆಚ್ಚಿದ್ದರೆ 4 ಅಂಕ. ಎಲ್ಲವನ್ನೂ ಕೂಡಿಸುತ್ತಾರೆ. ಅನಂತರ ಜೀವಿಗಳನ್ನು ಮರಳಿ ಹೊಳೆಗೆ ಬಿಡುತ್ತಾರೆ. ಆ ಜಾಗಕ್ಕೆ ನಿಗದಿಮಾಡಿದ ಕನಿಷ್ಠ ಅಂಕಕ್ಕಿಂತ ಮೊತ್ತ ಕೆಳಗಿಳಿದರೆ ಕೂಡಲೇ ಪರಿಸರ ಇಲಾಖೆಗೆ ತಿಳಿಸುತ್ತಾರೆ.

2013ರ ಜುಲೈ ತಿಂಗಳಲ್ಲಿ ಥೇಮ್ಸ್ ನದಿಯ ಉಪನದಿಯಾದ ಕೆನೆಟ್‌ನಲ್ಲಿ ಹೀಗೆ ಎಣಿಸಲು ಹೋದವರಿಗೆ ತಟ್ಟೆಯಲ್ಲಿ ಸತ್ತ ಸಿಗಡಿಗಳು ಕಂಡವು. ನೀರು ತಿಳಿಯಾಗಿಯೇ ಇತ್ತು. ದಡದಲ್ಲಿ ನಡೆದು ಹೋಗುವವರಿಗೆ ಯಾವ ಸಂಶಯವೂ ಬರುವಂತಿರಲಿಲ್ಲ. ಅಧಿಕಾರಿಗಳು ಬಂದು ಪರೀಕ್ಷಿಸಿದಾಗ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವು ಚರಂಡಿಯ ಮೂಲಕ, ಕೊಳೆನೀರು ಶುದ್ಧೀಕರಣ ಘಟಕವನ್ನೂ ದಾಟಿ ನದಿಗೆ ಬಂದಿದ್ದುದು ತಿಳಿಯಿತು. ಸುಮಾರು 15 ಕಿಲೋಮೀಟರ್ ಉದ್ದಕ್ಕೆ ಕೀಟಗಳೂ ಸಿಗಡಿಗಳೂ ನಾಶವಾಗಿದ್ದವು. ಇದಕ್ಕೆ ಬೇಕಾದ ವಿಷದ ಪ್ರಮಾಣ ಎಷ್ಟು ಗೊತ್ತೇ? ಒಂದೆರಡು ಚಮಚದಷ್ಟು ಸಾಕು! ಎಣಿಸುವವರು ಇಲ್ಲದಿದ್ದರೆ ಆ ಸಾವು ಯಾರ ಗಮನಕ್ಕೂ ಬರುತ್ತಿರಲಿಲ್ಲ. 2016ರಲ್ಲಿ ಬ್ರಿಟನ್ನಿನಲ್ಲಿ ಆ ಕೀಟನಾಶಕದ ಹೆಚ್ಚಿನ ಉಪಯೋಗಗಳನ್ನು ನಿಷೇಧಿಸಲಾಯಿತು.

ಕಾವೇರಿಯ ಲೆಕ್ಕದ ಪುಸ್ತಕ

ನಮ್ಮ ಕಡೆಯ ಒಂದು ಉದಾಹರಣೆಯನ್ನೂ ನೋಡೋಣ. ಕಾವೇರಿ ನದಿಯಲ್ಲಿ ಬೆನ್ನು ಉಬ್ಬಿದ ಮಹಶೀರ್ ಎಂಬ ಮೀನು ಇದೆ. ಐವತ್ತು ಕಿಲೋ ತೂಗುವಷ್ಟು ದೊಡ್ಡದಾಗಿ ಬೆಳೆಯಬಲ್ಲ ಈ ಮೀನನ್ನು ಹುಡುಕಿಕೊಂಡು ಹೊರದೇಶಗಳಿಂದಲೂ ಗಾಳಗಾರರು ಬರುತ್ತಿದ್ದರು. ನದಿಗೆ ಸಿಡಿಮದ್ದು ಎಸೆದು ಮೀನು ಕೊಲ್ಲುವವರ ಹಾವಳಿಯೂ ಇತ್ತು. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗೇಣಿಗೆ ಪಡೆದು ಕಾವಲು ಇಟ್ಟಿತು. ಮುಂದೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಕರ್ನಾಟಕ ಸರಕಾರದ ಸಂಸ್ಥೆಯ ಶಿಬಿರಗಳೂ ನಡೆದವು. ಹಿಡಿದ ಮಹಶೀರನ್ನು ತೂಗಿ, ಪುಸ್ತಕದಲ್ಲಿ ಬರೆದು, ಜೀವಂತವಾಗಿ ಹೊಳೆಗೆ ಬಿಡಬೇಕೆಂಬುದು ಅಲ್ಲಿನ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಕಾವಲುಗಾರರಾದರು.

ವನ್ಯಧಾಮದೊಳಗೆ ಗಾಳ ಹಾಕುವುದು ಸರಿಯಲ್ಲವೆಂದು 2012ರಲ್ಲಿ ಇದು ನಿಂತಿತು. ಆಮೇಲೆ ವಿಜ್ಞಾನಿಗಳು ಗಾಲಿಬೋರೆಯ ಪುಸ್ತಕವನ್ನು ಬಿಡಿಸಿ ನೋಡಿದರು. 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ ಅದರಲ್ಲಿತ್ತು. ಒಟ್ಟು ಮಹಶೀರ್‌ಗಳ ಸಂಖ್ಯೆ ಹೆಚ್ಚುತ್ತಿದೆ ಎಂದು ಎಲ್ಲರೂ ಸಂತೋಷಪಟ್ಟಿದ್ದರು. ಲೆಕ್ಕ ಬೇರೆಯೇ ಮಾತು ಹೇಳಿತು. ಹೆಚ್ಚಿದ್ದು ನೀಲಿ ಈಜುರೆಕ್ಕೆಯ ಬೇರೆ ಜಾತಿಯ ಮಹಶೀರ್. ಒಳ್ಳೆಯದಾಗಲೆಂದೇ ಅದರ ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಕಾವೇರಿಯದೇ ಆದ ಉಬ್ಬುಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿತ್ತು. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಆ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ. ಈ ಹೆಸರು ಬಂದದ್ದು 2007ರಲ್ಲಿ, ನಮ್ಮ ಕೇರಳದ ಪಾಂಬಾರ್ ನದಿಯಲ್ಲಿ ಸಿಕ್ಕಿದ ಮೀನುಗಳಿಂದ. ಪಾಂಬಾರ್ ಪೂರ್ವಕ್ಕೆ ಹರಿದು ಕಾವೇರಿಯ ನೀರಿಗೆ ಸೇರುವ ನದಿ. ನೀಲಗಿರಿಯ ಬುಡದಲ್ಲಿ ಹರಿಯುವ ಮೋಯಾರ್ ನದಿಯಲ್ಲಿಯೂ ಈ ಮೀನು ಉಳಿದಿದೆ. ಮೀನಿಗೆ ರಾಜ್ಯಗಳ ಗಡಿ ಗೊತ್ತಿಲ್ಲ. ಹೊಳೆಯ ಕೊಳೆಗೂ ಗೊತ್ತಿಲ್ಲ.

ಮೊದಲು ನಮ್ಮ ಅಂಗಳ ಗುಡಿಸೋಣ

ಹೊಳೆ ಕಾಯುವೆನೆನ್ನುವವರು ಮೊದಲು ತಮ್ಮ ತಪ್ಪುಗಳನ್ನು ತಿದ್ದಿಕೊಳ್ಳಬೇಕು. ಗಾಳಗಾರರು ದಡದಲ್ಲಿ ಬಿಟ್ಟುಹೋಗುವ ನೈಲಾನ್ ನೂಲು ಹಕ್ಕಿಗಳ ಕಾಲಿಗೆ ಉರುಳಾಗುತ್ತದೆ. ಇಂಗ್ಲೆಂಡಿನಲ್ಲಿ ಗಾಳಕ್ಕೆ ಕಟ್ಟುತ್ತಿದ್ದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದವು. 1987ರಲ್ಲಿ ಅಲ್ಲಿ ಹೆಚ್ಚಿನ ಅಳತೆಯ ಸೀಸದ ಗುಂಡುಗಳ ಮಾರಾಟ ನಿಷೇಧವಾಯಿತು. ನಮ್ಮಲ್ಲಿಯೂ ತೋಡಿಗೆ ವಿಷಕಾಯಿ ಅರೆದು ಹಾಕುವವರು, ಸಿಡಿಮದ್ದು ಎಸೆಯುವವರು ಇದ್ದಾರೆ. ಅದರಿಂದ ಬೇಕಾದ ನಾಲ್ಕು ಮೀನಿನ ಜೊತೆಗೆ ಮುಂದಿನ ವರ್ಷದ ಮರಿಗಳೂ ಸಾಯುತ್ತವೆ. ಇದು ಕಾನೂನಿಗೂ ವಿರುದ್ಧ.

ನಮ್ಮ ದೇಶದಲ್ಲಿ ಜಲಮಾಲಿನ್ಯ ತಡೆ ಕಾಯಿದೆ 1974ರಲ್ಲಿಯೇ ಬಂದಿದೆ. 1988ರ ತಿದ್ದುಪಡಿಯು, 60 ದಿನಗಳ ನೋಟೀಸು ಕೊಟ್ಟು ಸಾಮಾನ್ಯ ಪ್ರಜೆಯೂ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ತೆರೆಯಿತು. 2010ರ ಕಾಯಿದೆಯಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾಪನೆಯಾಗಿದೆ. ಪಂಚಾಯತು ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಕ್ರೋಟನ್‌ವಿಲ್‌ನ ಜನರಂತೆ ನಮಗೂ ಕಾನೂನು ಪುಸ್ತಕದಲ್ಲಿದೆ. ಅದನ್ನು ಬಳಸುವವರು ಬೇಕು.

ನೀವು ಮಕ್ಕಳು; ನಿಮ್ಮ ಕೈಯಲ್ಲಿ ಏನಾದೀತು ಎನ್ನಬೇಡಿ. ಮುಂದಿನ ಸಲ ತೋಡಿಗೆ ಹೋಗುವಾಗ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿರಿ. ಗಾಳದ ಜೊತೆಗೆ ಒಂದು ಸಣ್ಣ ಪುಸ್ತಕವೂ ಪೆನ್ಸಿಲೂ ಇರಲಿ. ತಾರೀಕು, ಸಮಯ, ನೀರಿನ ಬಣ್ಣ, ವಾಸನೆ, ಕಂಡ ಮೀನು, ಏಡಿ, ಕಪ್ಪೆ – ಇಷ್ಟನ್ನು ಬರೆಯಿರಿ. ಏನೂ ಕಾಣದಿದ್ದರೆ ಏನೂ ಕಾಣಲಿಲ್ಲ ಎಂದೂ ಬರೆಯಿರಿ. ನೊರೆ, ಎಣ್ಣೆ, ಸತ್ತ ಮೀನು ಕಂಡರೆ ಮುಟ್ಟಬೇಡಿ. ಮನೆಯವರಿಗೂ ಅಧ್ಯಾಪಕರಿಗೂ ತಿಳಿಸಿರಿ. ಒಂದು ದಿನದ ಬರಹದಿಂದ ಏನೂ ತಿಳಿಯದು. ಮೂರು ವರ್ಷದ ಬರಹ ಒಟ್ಟಾದರೆ ನಿಮ್ಮ ತೋಡಿನ ಬಗ್ಗೆ ಯಾವ ಕಚೇರಿಯಲ್ಲಿಯೂ ಇಲ್ಲದ ದಾಖಲೆ ನಿಮ್ಮ ಶಾಲೆಯಲ್ಲಿರುತ್ತದೆ.

ಮೀನು ಕಚ್ಚುವವರೆಗೆ ಕಾಯಲು ತಾಳ್ಮೆ ಬೇಕು. ಹೊಳೆಯನ್ನು ಕಾಯಲೂ ಅದೇ ತಾಳ್ಮೆ ಸಾಕು.

ಪದಗಳ ಅರ್ಥ

ಸಪೂರ – ತೆಳ್ಳಗಿನ
ಕಿವಿರು – ಮೀನಿನ ಉಸಿರಾಟದ ಅಂಗ
ಉಬ್ಬರ ಇಳಿತ – ಕಡಲಿನ ನೀರು ಏರುವುದು ಮತ್ತು ಇಳಿಯುವುದು
ಗೇಣಿ – ಬಾಡಿಗೆಯಾಗಿ ಪಡೆದ ಹಕ್ಕು
ಮೇಲ್ಮನವಿ – ಮೇಲಿನ ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿ

ಅಭ್ಯಾಸ

1. ಬೆಳಗಿನ ಜಾವ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುವುದೇಕೆ?
2. ಕ್ರೋಟನ್‌ವಿಲ್‌ನ ಸಭೆಯಲ್ಲಿ ಕೇಳಿಬಂದ ಸಲಹೆಗಳು ಯಾವುವು? ಬಾಯ್ಲ್ ಅವರ ಸಲಹೆ ಅವುಗಳಿಗಿಂತ ಹೇಗೆ ಭಿನ್ನವಾಗಿತ್ತು?
3. ಮೀನಿನಲ್ಲಿ ಪಿಸಿಬಿ ಇದೆ ಎಂಬುದನ್ನು ಬಹಿರಂಗಪಡಿಸಿದ್ದರಿಂದ ಮೀನುಗಾರರಿಗೆ ಏನಾಯಿತು? ಬಹಿರಂಗಪಡಿಸಿದ್ದು ಸರಿಯೇ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.
4. ಹೊಳೆಯ ಆರೋಗ್ಯ ತಿಳಿಯಲು ಮೀನಿಗಿಂತ ಮರಿಹುಳುಗಳು ಹೆಚ್ಚು ಉಪಯುಕ್ತ ಏಕೆ?
5. ಒಂದು ತಟ್ಟೆಯಲ್ಲಿ 8 ಕ್ಯಾಡಿಸ್ ಹುಳುಗಳು, 45 ಮೇಫ್ಲೈ ಮರಿಗಳು, 120 ಸಿಗಡಿಗಳು ಸಿಕ್ಕಿದರೆ ಒಟ್ಟು ಅಂಕ ಎಷ್ಟು?
6. ಮಹಶೀರ್‌ಗಳ ಒಟ್ಟು ಸಂಖ್ಯೆ ಹೆಚ್ಚಿದರೂ ವಿಜ್ಞಾನಿಗಳು ಏಕೆ ಚಿಂತಿತರಾದರು?

ಚಟುವಟಿಕೆ

ನಿಮ್ಮ ಊರಿನ ಹಿರಿಯರಿಬ್ಬರನ್ನು ಭೇಟಿಯಾಗಿ, ಅವರ ಬಾಲ್ಯದಲ್ಲಿ ತೋಡು ಅಥವಾ ಹೊಳೆಯಲ್ಲಿ ಯಾವ ಯಾವ ಮೀನುಗಳಿದ್ದವು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಇಂದು ಯಾವುವು ಉಳಿದಿವೆ? ಎರಡನ್ನೂ ಒಂದು ಪಟ್ಟಿಯಾಗಿ ಬರೆದು ತರಗತಿಯಲ್ಲಿ ಚರ್ಚಿಸಿರಿ.